ಕೆಲಸವಿಲ್ಲದ ದಿನಗಳು ಮತ್ತು ಒಂದು ಹಳೇ ಕಂಪ್ಯೂಟರ್

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ಹೋದ ತಿಂಗಳು ಫೋನ್ ಮಾಡಿ, "ನಿಮ್ಮ ಯಶಸ್ಸಿನ ಗುಟ್ಟನ್ನು ನಮ್ಮ ಮಕ್ಕಳಿಗೆ ಹೇಳಬೇಕು" ಎಂದರು. ಫೋನ್ ಇಟ್ಟ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ನನ್ನದು ಒಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಬಾಡಿಗೆ ಕಟ್ಟಿ, ಹುಡುಗನಿಗೆ ಸಂಬಳ ಕೊಟ್ಟು, ಉಳಿದದ್ದರಲ್ಲಿ ಮನೆ ನಡೆಯುತ್ತದೆ. ಇದರಲ್ಲಿ ಗುಟ್ಟು ಎಂಬುದೇನೂ ಇಲ್ಲ. ಆದರೆ ನನ್ನ ಹತ್ತಿರ ಬೇರೆ ಒಂದು ಸಂಗತಿ ಇದೆ. ಅದನ್ನು ಇಂತಹ ವೇದಿಕೆಗಳಲ್ಲಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. 2009 ಮತ್ತು 2010, ಈ ಎರಡು ವರ್ಷ ನಾನು ಕೆಲಸವಿಲ್ಲದೆ ಶೆಟ್ಟಿಹಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದೆ. ಮನಸ್ಸು ಕೆಟ್ಟಿತ್ತು. ಅದರ ಬಗ್ಗೆ ಮಾತನಾಡಲು ಅನುಮತಿ ಕೇಳಿದೆ, ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಗಲಿ" ಎಂದರು. ಅವರು ಸುಮ್ಮನಿದ್ದ ಆ ಸ್ವಲ್ಪ ಹೊತ್ತಿನಲ್ಲೇ ನನಗೆ ಗೊತ್ತಾಯಿತು, ಅವರ ಮನೆಯಲ್ಲೂ ಯಾರೋ ಒಬ್ಬರು ಹಿಂದಿನ ಕೋಣೆಯಲ್ಲಿ ಕುಳಿತಿದ್ದಾರೆ ಎಂದು.

ನಿಮ್ಮಲ್ಲಿ ಈ ವರ್ಷ ಡಿಪ್ಲೊಮಾ, ಡಿಗ್ರಿ ಮುಗಿಸುವವರಿದ್ದೀರಿ. ಎಲ್ಲರಿಗೂ ತಕ್ಷಣ ಕೆಲಸ ಸಿಗಲಿ ಎಂದು ನಾನೂ ದುಆ ಮಾಡುತ್ತೇನೆ. ಸಿಗದೆ ಹೋದರೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ತಪ್ಪಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬೆಂಗಳೂರಿನ ಒಂದು ಕಂಪನಿಗೆ ಸೇರಿದ್ದೆ. ದಿನಾ ರೈಲು. 2008ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದವು ಎಂದು ಪತ್ರಿಕೆಯಲ್ಲಿ ಓದಿದಾಗ, ಇದಕ್ಕೂ ತುಮಕೂರಿಗೂ ಏನು ಸಂಬಂಧ ಎಂದುಕೊಂಡಿದ್ದೆ. 2009ರ ಫೆಬ್ರವರಿಯಲ್ಲಿ ಒಂದು ಶುಕ್ರವಾರ ನಮ್ಮ ವಿಭಾಗದ ಹದಿನಾಲ್ಕು ಜನರನ್ನು ಒಟ್ಟಿಗೆ ಕರೆದು, ಒಂದೊಂದು ಕವರ್ ಕೊಟ್ಟು, ಟೀ ಕುಡಿಸಿ ಕಳಿಸಿದರು. ಟೀ ಚೆನ್ನಾಗಿತ್ತು.

ಮನೆಯಲ್ಲಿ ಹೇಳಲಿಲ್ಲ. ನಗಬೇಡಿ, ನಿಮಗೂ ಹೇಳಲು ಬಾಯಿ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಎಂದಿನಂತೆ ಎದ್ದು, ಇಸ್ತ್ರಿ ಮಾಡಿದ ಶರಟು ಹಾಕಿ, ಅಮ್ಮಿ ಕಟ್ಟಿಕೊಟ್ಟ ಟಿಫನ್ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೋದೆ. ರೈಲು ಬಂತು, ಹೋಯಿತು. ನಾನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಳಿತೆ. ಹನ್ನೊಂದು ಗಂಟೆಗೇ ಡಬ್ಬಿ ಖಾಲಿ ಮಾಡಿದೆ. ಆಮೇಲೆ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ನನ್ನ ಹಾಗೆಯೇ ಇಸ್ತ್ರಿ ಶರಟು ಹಾಕಿಕೊಂಡ ನಾಲ್ಕೈದು ಜನ ಇದ್ದರು, ಎಲ್ಲರ ಪಕ್ಕದಲ್ಲೂ ಟಿಫನ್ ಡಬ್ಬಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪತ್ರಿಕೆಯಲ್ಲಿ ಉದ್ಯೋಗದ ಪುಟ ಮಾತ್ರ ಸವೆದು ಮೆತ್ತಗಾಗಿತ್ತು.

ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಅಮ್ಮಿ ಡಬ್ಬಿ ಕೊಡಲಿಲ್ಲ. ಬೀಡಿ ಎಲೆ ಕತ್ತರಿಸುತ್ತಾ, ತಲೆ ಎತ್ತದೆ, ತನ್ನ ದಖನಿಯಲ್ಲಿ ಒಂದು ಮಾತು ಹೇಳಿದಳು. ಕನ್ನಡದಲ್ಲಿ ಹೇಳಿದರೆ ರುಚಿ ಸ್ವಲ್ಪ ಕಡಿಮೆಯಾಗುತ್ತದೆ: "ನಿನ್ನ ರೈಲಿನ ಪಾಸು ಮುಗಿದು ಎಂಟು ದಿನ ಆಯ್ತು ಮಗಾ. ಹೊಸ ಪಾಸಿಗೆ ನೀನು ದುಡ್ಡೇ ಕೇಳಿಲ್ಲ. ಇಷ್ಟು ದಿನ ರೈಲಿನೋರು ನಿನ್ನನ್ನ ಅಳಿಯ ಅಂತ ಪುಕ್ಕಟೆ ಕರ್ಕೊಂಡು ಹೋಗ್ತಿದ್ರಾ?"

ಅಬ್ಬಾ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಮನೆಯಲ್ಲಿ ಅಮ್ಮಿ, ತಂಗಿ, ನಾನು. ತುಮಕೂರಿನ ಎಷ್ಟೋ ಮನೆಗಳಂತೆ ನಮ್ಮ ಮನೆಯೂ ಬೀಡಿಯಿಂದ ನಡೆದ ಮನೆ. ಮೊರದ ಮೇಲೆ ಎಲೆ, ಹೊಗೆಸೊಪ್ಪು, ದಾರ, ಕತ್ತರಿ. ಸಾವಿರ ಬೀಡಿ ಕಟ್ಟಿದರೆ ಇಷ್ಟು ಎಂದು ಕೂಲಿ. ನನ್ನ ಸಂಬಳ ಬರುವಾಗ ಅಮ್ಮಿ ಬೀಡಿ ಕಡಿಮೆ ಮಾಡಿದ್ದಳು. ಆ ದಿನದಿಂದ ಮತ್ತೆ ಹೆಚ್ಚು ಮಾಡಿದಳು. ಇದನ್ನು ನಾನು ದಿನವೂ ನೋಡುತ್ತಾ ಕುಳಿತಿರಬೇಕಾಗಿತ್ತು.

ಕೆಲಸ ಹೋದರೆ ಹೋಗುವುದು ದುಡ್ಡು ಮಾತ್ರ ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ, ಮೊದಲು ಹೋಗುವುದು ಹೊತ್ತು. ಇದನ್ನು ನಾನು ಎಷ್ಟೋ ವರ್ಷಗಳ ನಂತರ ಒಂದು ಪುಸ್ತಕದ ಬಗ್ಗೆ ತಿಳಿದಾಗ ಬೆರಗಾದೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಹತ್ತಿರ ಮರೀನ್‌ಥಾಲ್ ಎಂಬ ಒಂದು ಊರು. ಊರಿಗೆಲ್ಲ ಒಂದೇ ಬಟ್ಟೆ ಗಿರಣಿ. ಜಗತ್ತಿನ ಆರ್ಥಿಕ ಕುಸಿತದ ಕಾಲದಲ್ಲಿ ಅದು ಮುಚ್ಚಿಹೋಯಿತು, ಊರಿಗೆ ಊರೇ ನಿರುದ್ಯೋಗಿಯಾಯಿತು. ಮರೀ ಯಹೋದಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಮೂವರು ಯುವ ಸಂಶೋಧಕರು ತಮ್ಮ ಜೊತೆಗಾರರೊಂದಿಗೆ ಅಲ್ಲಿಗೆ ಹೋಗಿ, ಜನರ ಜೊತೆ ಬೆರೆತು, ಕಂಡದ್ದನ್ನು 1933ರಲ್ಲಿ ಪುಸ್ತಕ ಮಾಡಿದರು. ಅವರು ಕಿಟಕಿಯ ಹಿಂದೆ ಕುಳಿತು ರಸ್ತೆಯಲ್ಲಿ ಓಡಾಡುವವರ ನಡಿಗೆಯ ವೇಗವನ್ನು ಅಳೆದರಂತೆ. ಗಂಡಸರು ನಿಧಾನ, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಾರೆ. ಹೆಂಗಸರು ಸರಸರ ನಡೆಯುತ್ತಾರೆ, ಯಾಕೆಂದರೆ ಗಿರಣಿ ಮುಚ್ಚಿದರೂ ಮನೆಗೆಲಸ ಮುಚ್ಚಲಿಲ್ಲ. ಕೈಗಡಿಯಾರ ಇಟ್ಟುಕೊಂಡು ಓಡಾಡುವ ಗಂಡಸರು ಬಹಳ ಕಡಿಮೆಯಾಗಿದ್ದರು. ಬೇಕಾದಷ್ಟು ಬಿಡುವು ಇತ್ತಲ್ಲ, ಜನ ಹೆಚ್ಚು ಓದಿರಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ಇಲ್ಲ. ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು 1929ರಿಂದ 1931ರೊಳಗೆ ಸುಮಾರು ಅರ್ಧಕ್ಕೆ ಇಳಿದಿತ್ತು.

ಕೈಗಡಿಯಾರದ ಮಾತು ನನಗೆ ವಿಶೇಷವಾಗಿ ನಾಟಿತು, ಯಾಕೆಂದರೆ ನಮ್ಮ ತುಮಕೂರು ಗಡಿಯಾರ ಮಾಡುತ್ತಿದ್ದ ಊರು. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಇಲ್ಲಿತ್ತು. ಎಷ್ಟೋ ಮನೆಗಳಿಗೆ ಅದು ಅನ್ನ ಕೊಟ್ಟಿತು. ಕೆಲಸಗಾರರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದು, ಕೊನೆಗೆ 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ನಮ್ಮ ಬೀದಿಯಲ್ಲಿ ಅಲ್ಲಿಂದ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡ ಒಬ್ಬ ಮಾಮೂ ಇದ್ದರು. ಅವರ ಕೈಯಲ್ಲಿ ತಾವೇ ಜೋಡಿಸಿದ ಎಚ್‌ಎಂಟಿ ವಾಚು ಯಾವಾಗಲೂ ಇರುತ್ತಿತ್ತು, ಆದರೆ ಅದಕ್ಕೆ ಕೀಲಿ ಕೊಟ್ಟಿರುತ್ತಿರಲಿಲ್ಲ. ಕೇಳಿದರೆ "ಎಲ್ಲಿಗೆ ಹೋಗಬೇಕು ಬೇಟಾ, ಲೇಟಾಗೋಕೆ?" ಎನ್ನುತ್ತಿದ್ದರು. ನಾವು ಅದನ್ನು ತಮಾಷೆ ಎಂದುಕೊಂಡಿದ್ದೆವು.

ಇನ್ನು ಆ ಕಂಪ್ಯೂಟರಿನ ವಿಷಯ.

ಗುಜರಿ ಅಂಗಡಿಯ ನನ್ನ ಸೋದರಮಾವ ಒಂದು ದಿನ ಬಂದು, ವಕೀಲರೊಬ್ಬರ ಆಫೀಸಿನಿಂದ ಹಳೇ ಕಂಪ್ಯೂಟರ್ ಬಂದಿದೆ, ಬೇಕಾದರೆ ತಗೊಂಡು ಹೋಗು ಎಂದರು. ಪೆಂಟಿಯಂ 3. ತೂಕದ ಲೆಕ್ಕದಲ್ಲಿ ಕೊಟ್ಟರು. ಮಾನಿಟರ್ ಬೇರೆ ತೂಕ, ಸಿಪಿಯು ಡಬ್ಬಿ ಬೇರೆ ತೂಕ. ಜಗತ್ತಿನಲ್ಲಿ ಕಂಪ್ಯೂಟರನ್ನು ಈರುಳ್ಳಿ ತೂಗುವ ತಕ್ಕಡಿಯಲ್ಲಿ ತೂಗಿಸಿ ತಂದವರು ಬಹಳ ಜನ ಇರಲಾರರು. ಮನೆಗೆ ತಂದು ಸ್ವಿಚ್ ಹಾಕಿದರೆ ಪರದೆ ಕಪ್ಪು. ಒಳಗಿನಿಂದ ಮಾತ್ರ ಬೀಪ್, ಬೀಪ್ ಎಂದು ಉದ್ದುದ್ದ ಕೂಗು. ಪಕ್ಕದ ಮನೆಯವರು ಕುಕ್ಕರ್ ಕೆಟ್ಟಿದೆಯೇ ಎಂದು ಕೇಳಿದರು.

ಆ ಕೂಗಿಗೆ ಅರ್ಥ ಇದೆ ಎಂಬುದು ಡಿಪ್ಲೊಮಾ ಓದಿದ್ದ ನನಗೆ ಗೊತ್ತಿತ್ತು. ಪರದೆಗೆ ಜೀವ ಬರುವ ಮೊದಲೇ ಮದರ್‌ಬೋರ್ಡ್ ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ಏನಾದರೂ ಸಿಗದಿದ್ದರೆ ಹೇಳಲು ಅದಕ್ಕೆ ಬಾಯಿ ಇಲ್ಲ, ಪುಟ್ಟ ಸ್ಪೀಕರ್ ಒಂದೇ. ಉದ್ದನೆಯ ಬೀಪ್ ನಿಲ್ಲದೆ ಬರುತ್ತಿದ್ದರೆ ಸಾಮಾನ್ಯವಾಗಿ ಮೆಮೊರಿ, ಅಂದರೆ ರ‍್ಯಾಮ್‌ನ ತೊಂದರೆ. ರ‍್ಯಾಮ್ ಪಟ್ಟಿಯನ್ನು ಕಿತ್ತು ನೋಡಿದರೆ ಅದರ ಚಿನ್ನದ ಬಣ್ಣದ ಹಲ್ಲುಗಳು ಕಪ್ಪಾಗಿದ್ದವು. ತಂಗಿಯ ಪೆನ್ಸಿಲ್ ರಬ್ಬರ್ ತೆಗೆದುಕೊಂಡು ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಒತ್ತಿ ಕೂರಿಸಿದೆ. ಸ್ವಿಚ್ ಹಾಕಿದೆ. ಒಂದೇ ಒಂದು ಚಿಕ್ಕ ಬೀಪ್. ಪರದೆಯ ಮೇಲೆ ಬಿಳಿ ಅಕ್ಷರ ಓಡತೊಡಗಿದವು.

ಮಿತ್ರರೇ, ನಾಲ್ಕು ತಿಂಗಳಲ್ಲಿ ನಾನು ಕೈಯಿಟ್ಟ ಕೆಲಸ ಒಂದಾದರೂ ಆಗಿದ್ದು ಅದೇ ಮೊದಲು. ಅರವತ್ತು ಅರ್ಜಿ ಹಾಕಿದ್ದೆ, ಒಂದಕ್ಕೂ ಉತ್ತರ ಬಂದಿರಲಿಲ್ಲ. ಈ ಡಬ್ಬಿ ಮಾತ್ರ ಉತ್ತರ ಕೊಟ್ಟಿತು.

ಅಂದಿನಿಂದ ಕೋಣೆಯ ನೆಲದ ತುಂಬ ತಿರುಪು, ಕೇಬಲ್. ಮದರ್‌ಬೋರ್ಡಿನ ಮೇಲೆ ಕೆಲವು ಕೆಪಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿದ್ದವು. ಆ ಕಾಲದ ಮದರ್‌ಬೋರ್ಡ್‌ಗಳಿಗೆ ಅದು ಒಂದು ಸಾಂಕ್ರಾಮಿಕ ರೋಗದಂತೆ ಬಂದಿತ್ತು. 1999ರಿಂದ ಕೆಲವು ವರ್ಷ ಒಳಗಿನ ದ್ರವ ಸರಿಯಿಲ್ಲದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಮಾರಾಟವಾಗಿ, ಲಕ್ಷಾಂತರ ಯಂತ್ರಗಳು ಅಕಾಲದಲ್ಲಿ ಸತ್ತವು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೊಸದು ತಂದು, ಬೆರಳು ಎರಡು ಸಲ ಸುಟ್ಟುಕೊಂಡು ಬೆಸುಗೆ ಹಾಕಿದೆ. ಎಸ್.ಪಿ. ರಸ್ತೆ ಗೊತ್ತಲ್ಲ? ಅಲ್ಲಿ ಹುಡುಕಿದರೆ ಬಿಡಿಭಾಗ ಸಿಗದ ಯಂತ್ರವಿಲ್ಲ. ಹುಡುಕುವಾಗ ಜೇಬನ್ನು ಒಂದು ಕೈಯಲ್ಲಿ ಹಿಡಿದುಕೊಂಡಿರಬೇಕು, ಅಷ್ಟೆ.

ಇನ್ನೊಂದು ತಮಾಷೆ. ಆ ಯಂತ್ರವನ್ನು ಯಾವಾಗ ಹಚ್ಚಿದರೂ ದಿನಾಂಕ 1 ಜನವರಿ 2000 ಎಂದೇ ತೋರಿಸುತ್ತಿತ್ತು. ಮದರ್‌ಬೋರ್ಡಿನಲ್ಲಿ ಒಂದು ಬಟನ್ ಸೆಲ್ ಇರುತ್ತದೆ, ವಿದ್ಯುತ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಅದು ಸತ್ತಿತ್ತು. ಹೊಸ ಸೆಲ್ಲಿಗೆ ಇಪ್ಪತ್ತು ರೂಪಾಯಿ ಇರಬಹುದು. ಆದರೆ ನಾನು ಹಾಕಲಿಲ್ಲ. ಇವತ್ತು ಯಾವ ವಾರ ಎಂದು ಅಮ್ಮಿ ಕೇಳಿದರೆ ನನಗೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ದಿನಾಂಕ ತಿಳಿಯದವರು ಇಬ್ಬರು, ನಾನು ಮತ್ತು ಆ ಡಬ್ಬಿ. ನಮ್ಮಿಬ್ಬರ ಸ್ನೇಹ ಚೆನ್ನಾಗಿ ಬೆಳೆಯಿತು.

ಆಗ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಸಿಡಿಯನ್ನು ಜಗತ್ತಿನ ಯಾವ ಮೂಲೆಗೆ ಬೇಕಾದರೂ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. 2005ರಿಂದ 2011ರವರೆಗೆ ಆ ಸೇವೆ ನಡೆಯಿತು. ಡೌನ್‌ಲೋಡ್ ಮಾಡಲು ಇಂಟರ್ನೆಟ್ ಇಲ್ಲದವರಿಗೆಂದೇ ಮಾಡಿದ್ದು. ಸೈಬರ್ ಕೆಫೆಯ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಸಹಿ ಹಾಕಿ, ಅರ್ಧ ಗಂಟೆಯ ದುಡ್ಡು ಕೊಟ್ಟು ಕೋರಿಕೆ ಕಳಿಸಿ ಬಂದೆ. ಮರೆತೂ ಬಿಟ್ಟೆ. ಕೆಲವು ವಾರಗಳ ನಂತರ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು, "ಹೊರದೇಶದಿಂದ ಬಂದಿದೆ, ಏನಪ್ಪಾ ಇದು?" ಎಂದು ನನಗಿಂತ ಹೆಚ್ಚು ಕುತೂಹಲದಿಂದ ಕೇಳಿದರು. ಇಡೀ ಬೀದಿಗೆ ಸುದ್ದಿಯಾಯಿತು. ಸಾಯಂಕಾಲದೊಳಗೆ ನನಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ ಎಂಬಲ್ಲಿಗೆ ಮಾತು ಬೆಳೆದಿತ್ತು. ಒಬ್ಬ ಖಾಲಾ ಬಂದು ತಮ್ಮ ಮಗನನ್ನೂ ಕರೆಸಿಕೋ ಎಂದು ಹೇಳಿ ಹೋದರು.

ಒಂದು ಸಿಡಿ ಸಾಕಾಗಿತ್ತು, ನಾನು ಕೇಳಿದ್ದು ಐದು. ಉಳಿದವನ್ನು ಅಮ್ಮಿ ದಾರ ಕಟ್ಟಿ, ಮೇಲೆ ಮೆಣಸಿನಕಾಯಿ ಒಣಗಿಸುವ ಕಡೆ ತೂಗುಹಾಕಿದಳು. ಬಿಸಿಲಿಗೆ ಹೊಳೆದು ಕಾಗೆ ಹತ್ತಿರ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ವರ್ಷ ಕೆಲಸ ಸಿಕ್ಕಿದ್ದು ಆ ಸಿಡಿಗಳಿಗೆ ಮಾತ್ರ.

ಇಲ್ಲಿಯವರೆಗೆ ಕೇಳಿದರೆ ನಿಮಗೆ ಇದು ಸುಖದ ಕಥೆ ಎನಿಸಬಹುದು. ಕೆಲಸ ಹೋಯಿತು, ಹುಡುಗ ಹವ್ಯಾಸ ಬೆಳೆಸಿಕೊಂಡ, ಉದ್ಧಾರವಾದ. ಇಂತಹ ಕಥೆಗಳನ್ನು ಹೇಳುವವರ ಮೇಲೆ ನನಗೆ ಸಿಟ್ಟಿದೆ, ಯಾಕೆಂದರೆ ಅವರು ನಡುವಿನ ಒಂದು ವರ್ಷವನ್ನು ನುಂಗಿಬಿಡುತ್ತಾರೆ.

ನಡುವಿನ ವರ್ಷ ಹೀಗಿತ್ತು. ಯಂತ್ರ ಸರಿಯಾಯಿತು. ಸರಿಯಾದ ಮೇಲೆ ನನಗೆ ಹೆದರಿಕೆಯಾಯಿತು, ಇನ್ನೇನು ಮಾಡಲಿ ಎಂದು. ಹಾರ್ಡ್ ಡಿಸ್ಕ್ ಅಳಿಸಿ ಮೊದಲಿನಿಂದ ಹಾಕಿದೆ. ಚೆನ್ನಾಗಿ ನಡೆಯಿತು. ಮತ್ತೆ ಅಳಿಸಿದೆ. ಆ ಚಳಿಗಾಲದಲ್ಲಿ ಏನೂ ಕೆಟ್ಟಿರದ ಯಂತ್ರವನ್ನು ನಾನು ನಲವತ್ತು ಸಲವಾದರೂ ಅಳಿಸಿ ಹಾಕಿರಬೇಕು. ರಾತ್ರಿಯೆಲ್ಲ ಎದ್ದಿರುವುದು, ಬೆಳಿಗ್ಗೆ ಹನ್ನೆರಡರವರೆಗೆ ಮಲಗುವುದು. ಹಗಲು ಎದ್ದರೆ ಅಮ್ಮಿ ಬೀಡಿ ಕಟ್ಟುವುದನ್ನು ನೋಡಬೇಕು, ಬಂದವರು "ಕ್ಯಾ ಬೇಟಾ, ಕಾಮ್ ಮಿಲ್ಯಾ?" ಎಂದು ಕೇಳುವುದಕ್ಕೆ ಉತ್ತರಿಸಬೇಕು. ರಾತ್ರಿ ಯಾರೂ ಕೇಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಹುಡುಗ ಏನೋ ಕಲಿಯುತ್ತಿದ್ದಾನೆ, ಕಂಪ್ಯೂಟರ್ ಮುಂದೆಯೇ ಇರುತ್ತಾನೆ. ನಿಜ ಹೇಳಬೇಕೆಂದರೆ ಮಂಚದ ಕೆಳಗೆ ಅಡಗಿ ಕೂರುವುದಕ್ಕೂ ಅದಕ್ಕೂ ವ್ಯತ್ಯಾಸ ಇರಲಿಲ್ಲ. ಮಂಚದ ಬದಲು ಮಾನಿಟರ್.

ಊಟ ಸೇರುತ್ತಿರಲಿಲ್ಲ. ಸ್ನಾನ ಮೂರು ನಾಲ್ಕು ದಿನಕ್ಕೊಮ್ಮೆ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಅಣ್ಣನಿಗೆ ಜ್ವರ ಎಂದು ಅವಳೇ ಸುಳ್ಳು ಹೇಳಿದಳು. ಆ ಸಂಬಂಧ ಕೂಡಲಿಲ್ಲ. ನನ್ನಿಂದಲೇ ಎಂದು ಯಾರೂ ಹೇಳಲಿಲ್ಲ, ಆದರೆ ನಾನು ಹಾಗೆಂದೇ ತೀರ್ಮಾನಿಸಿದೆ. ಆಮೇಲೆ ಕೆಲವು ರಾತ್ರಿ ಯಾವ ಯೋಚನೆಗಳು ಬಂದವು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಬಂದವರಿಗೆ ಗೊತ್ತಿರುತ್ತದೆ. ಅಮ್ಮಿ ನಜರ್ ತಗುಲಿದೆ ಎಂದು ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟು ಬಂದು ಮನೆಯವರೆಲ್ಲ ಕೆಮ್ಮಿದೆವು. ಘಾಟು ಬಂದರೆ ನಜರ್ ಇಲ್ಲವಂತೆ. ಹಾಗಾದರೆ ಇನ್ನೇನು ಎಂದು ಅವಳು ಕೇಳಿದಳು, ನನ್ನ ಹತ್ತಿರ ಉತ್ತರವಿರಲಿಲ್ಲ.

ಅಮ್ಮಿ ಆಗ ಒಂದು ಉಪಾಯ ಮಾಡಿದಳು. ನನಗೆ ಹೇಳದೆ ಬೀದಿಯಲ್ಲೆಲ್ಲ "ನನ್ನ ಮಗ ಕಂಪ್ಯೂಟರ್ ರಿಪೇರಿ ಮಾಡ್ತಾನೆ" ಎಂದು ಸಾರಿಬಿಟ್ಟಳು. 2010ರ ಜೂನ್ ಇರಬೇಕು, ಒಂದು ಮಧ್ಯಾಹ್ನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ತಮ್ಮ ಸಿಪಿಯು ಡಬ್ಬಿಯನ್ನು ಆಟೋದಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದರು. ನಾನು ಆಗತಾನೆ ಎದ್ದಿದ್ದೆ, ಲುಂಗಿಯಲ್ಲಿದ್ದೆ, ಗಡ್ಡ ಬೆಳೆದಿತ್ತು. ಓಡಿಹೋಗಲು ಮನೆಗೆ ಹಿಂಬಾಗಿಲು ಇರಲಿಲ್ಲ.

ಮೇಷ್ಟ್ರು ಮೂರು ವರ್ಷದಿಂದ ಹಳ್ಳಿ ಹಳ್ಳಿ ತಿರುಗಿ ಗಾದೆಗಳನ್ನು ಸಂಗ್ರಹಿಸಿ, ಒಂದೊಂದೇ ಬೆರಳಲ್ಲಿ ಟೈಪ್ ಮಾಡಿದ್ದರು. ಮಗ ರಜೆಗೆ ಬಂದವನು ಕಂಪ್ಯೂಟರ್ ನಿಧಾನವಾಗಿದೆ ಎಂದು ಫಾರ್ಮ್ಯಾಟ್ ಮಾಡಿ, ಕಡತಗಳನ್ನು ಜೋಪಾನವಾಗಿ ವಾಪಸು ಹಾಕಿ ಹೋಗಿದ್ದ. ಈಗ ತೆರೆದರೆ ಕನ್ನಡವೇ ಇಲ್ಲ, ತಲೆ ಮೇಲೆ ಚುಕ್ಕಿ, ಗೆರೆ ಇರುವ ಇಂಗ್ಲಿಷಿನಂತಹ ಅಕ್ಷರಗಳು. ವೈರಸ್ ತಿಂದುಬಿಟ್ಟಿದೆ ಎಂದು ಅಂಗಡಿಯೊಂದರಲ್ಲಿ ಹೇಳಿದ್ದರಂತೆ. "ಮೂರು ವರ್ಷ ಕಣಪ್ಪಾ" ಎಂದಷ್ಟೇ ಹೇಳಿ ಕುರ್ಚಿಯ ಅಂಚಿನಲ್ಲಿ ಕುಳಿತರು.

ಅದು ವೈರಸ್ ಅಲ್ಲ. ಇದನ್ನು ನೀವೂ ತಿಳಿದಿರುವುದು ಒಳ್ಳೆಯದು. ನುಡಿ, ಬರಹ ಇವುಗಳಲ್ಲಿ ಆಗ ಟೈಪ್ ಮಾಡಿದ ಹೆಚ್ಚಿನ ಕನ್ನಡ, ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆಂದು ಇದ್ದ ಸಂಖ್ಯೆಗಳ ಜಾಗದಲ್ಲೇ ಕೂತಿರುತ್ತಿತ್ತು. ಫಾಂಟ್ ಇದ್ದರೆ ಆ ಸಂಖ್ಯೆ ಕನ್ನಡವಾಗಿ ಕಾಣುತ್ತದೆ, ಫಾಂಟ್ ಹೋದರೆ ಚುಕ್ಕಿ ಗೆರೆಗಳಾಗಿ ಕಾಣುತ್ತದೆ. ಬರೆದದ್ದು ಎಲ್ಲಿಯೂ ಹೋಗಿರುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ, ಅದಕ್ಕೇ ಇಂದು ನಿಮ್ಮ ಫೋನಿನಲ್ಲಿ ಈ ತೊಂದರೆ ಇಲ್ಲ. ಇವೆಲ್ಲ ತಾನಾಗಿ ಆದದ್ದಲ್ಲ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ರೂಪಿಸಿದರು. ಅಮೆರಿಕದಲ್ಲಿ ಕೆಲಸದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬರಹವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ನುಡಿಯನ್ನು ಕೊಟ್ಟಿತು. ಬಿಡುವಿನಲ್ಲಿ ಕುಳಿತು ಕೆದಕಿದವರ ಕೆಲಸದಿಂದ ನಾವು ಇಂದು ಕನ್ನಡದಲ್ಲಿ ಜಗಳವಾಡುತ್ತಿದ್ದೇವೆ.

ನಾನು ಮೇಷ್ಟ್ರ ಯಂತ್ರಕ್ಕೆ ನುಡಿಯನ್ನು ಹಾಕಿದೆ. ಹತ್ತು ನಿಮಿಷ. ಕಡತ ತೆರೆದರೆ ಗಾದೆಗಳೆಲ್ಲ ಸಾಲಾಗಿ ನಿಂತಿದ್ದವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಮಾತಾಡಲಿಲ್ಲ. ಐವತ್ತು ರೂಪಾಯಿ ಕೊಟ್ಟರು, ಮರುದಿನ ಒಂದು ಕಟ್ಟು ನುಗ್ಗೆಕಾಯಿಯನ್ನೂ ತಂದರು. ಹೊರಡುವಾಗ, "ಇದನ್ನೆಲ್ಲ ಹಾಳಾಗದ ಹಾಗೆ ಮಾಡಿಕೊಡಬೇಕಲ್ಲಪ್ಪ. ನಾಳೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ, ಇರ್ತೀಯಲ್ಲ?" ಎಂದರು.

ಒಂಬತ್ತಕ್ಕೆ. ನನಗಾಗಿ ಯಾರೋ ಒಬ್ಬರು ಒಂಬತ್ತು ಗಂಟೆಗೆ ಬರುತ್ತಾರೆ. ಆ ರಾತ್ರಿ ನಾನು ಹನ್ನೊಂದಕ್ಕೆ ಯಂತ್ರ ನಿಲ್ಲಿಸಿದೆ. ನಿದ್ದೆ ಬರಲಿಲ್ಲ, ಆದರೂ ಬೆಳಿಗ್ಗೆ ಎಂಟೂವರೆಗೆ ಗಡ್ಡ ಕೆರೆದುಕೊಂಡು ಕುಳಿತಿದ್ದೆ. ಅಮ್ಮಿ ಬೀಡಿ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ಒಂದು ನಿಮಿಷ ನೋಡಿದಳು, ಏನೂ ಹೇಳಲಿಲ್ಲ, ಟೀ ಇಟ್ಟಳು.

ನಾನು ಹೇಳಿದ ಮರೀ ಯಹೋದಾ ಎಂಬ ಆ ಹೆಣ್ಣುಮಗಳು ಮುಂದೆ ಬಹಳ ವರ್ಷ ಇದನ್ನೇ ಯೋಚಿಸಿದರು. ಕೆಲಸ ಎಂಬುದು ಸಂಬಳದ ಜೊತೆಗೆ ನಮಗೆ ತಿಳಿಯದಂತೆ ಕೆಲವನ್ನು ಕೊಡುತ್ತಿರುತ್ತದೆ ಎಂದರು: ದಿನಕ್ಕೆ ಒಂದು ಕಟ್ಟುಪಾಡು, ಮನೆಯವರಲ್ಲದ ಜನರ ಒಡನಾಟ, ಹತ್ತು ಜನರ ಜೊತೆ ಸೇರಿ ಒಂದು ಉದ್ದೇಶ, ಸಮಾಜದಲ್ಲಿ ಒಂದು ಗುರುತು, ಸುಮ್ಮನಿರಲು ಬಿಡದ ಚಟುವಟಿಕೆ. ನನ್ನ ಹಿಂದಿನ ಕೋಣೆಯ ಕೆದಕಾಟವನ್ನು ಇದರ ಪಕ್ಕ ಇಟ್ಟು ನೋಡಿ. ಚಟುವಟಿಕೆ ಇತ್ತು. ಉಳಿದ ನಾಲ್ಕೂ ಇರಲಿಲ್ಲ. ಮೇಷ್ಟ್ರ ಡಬ್ಬಿ ಬಾಗಿಲಿಗೆ ಬಂದಾಗ ಅವು ನಾಲ್ಕೂ ಆಟೋದಲ್ಲಿ ಒಟ್ಟಿಗೆ ಬಂದಿಳಿದವು. ಅದಕ್ಕೇ ನಿಮಗೆ ಹೇಳುವುದು, ಕೆಲಸವಿಲ್ಲದಾಗ ಏನಾದರೂ ಕಲಿಯಿರಿ ಎಂಬ ಉಪದೇಶವನ್ನು ಅರ್ಧ ಮಾತ್ರ ನಂಬಿ. ಒಬ್ಬರೇ ಕುಳಿತು ಕಲಿತದ್ದು ಒಂದು ಹಂತದ ನಂತರ ಮಂಚದ ಕೆಳಗಿನ ಜಾಗವೇ ಆಗುತ್ತದೆ. ಬೇರೆಯವರ ಕೆಟ್ಟ ವಸ್ತುವೊಂದನ್ನು ಹುಡುಕಿಕೊಳ್ಳಿ. ಅವರು ಇಂಥ ಹೊತ್ತಿಗೆ ಬರುತ್ತೇನೆ ಎನ್ನುವಂತಿರಲಿ.

ಮೇಷ್ಟ್ರು ಬಂದು ಹೋಗತೊಡಗಿ ಎಲ್ಲ ಸರಿಹೋಯಿತು ಎಂದಲ್ಲ. ಎದ್ದು ಕೂರುತ್ತಿದ್ದೆ, ಆದರೆ ಒಳಗಿನ ಭಾರ ಹಾಗೆಯೇ ಇತ್ತು. ಒಂದು ದಿನ ಅವರು ಗಾದೆ ಓದುವುದನ್ನು ನಿಲ್ಲಿಸಿ, "ನಾನೂ ನಿನ್ನ ವಯಸ್ಸಿನಲ್ಲಿ ಒಂದು ವರ್ಷ ಮಾತ್ರೆ ತಗೊಂಡೋನೇ. ನಾಚಿಕೆ ಪಡೋದೇನಿದೆ?" ಎಂದರು. ಅವರೇ ಜೊತೆಗೆ ಬಂದು ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದರು. ವೈದ್ಯರು ಕೇಳಿದ ಮೊದಲ ಪ್ರಶ್ನೆ ಎಷ್ಟು ಗಂಟೆಗೆ ಏಳುತ್ತೀಯ ಎಂಬುದು. ನನಗೆ ನಗು ಬಂತು, ಮತ್ತೆ ಗಡಿಯಾರ. ಎಲ್ಲ ಹೇಳಿಕೊಂಡೆ, ಆ ರಾತ್ರಿಗಳ ಯೋಚನೆಯನ್ನೂ ಹೇಳಿದೆ. ಮಾತ್ರೆ ಬರೆದು, ಇದು ತಲೆನೋವಿನ ಮಾತ್ರೆಯಲ್ಲ, ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನೀನಾಗಿ ನಿಲ್ಲಿಸಬೇಡ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಮನಸ್ಸು ಬರಲಿ ಆಮೇಲೆ ಕೆಲಸ ಮಾಡುತ್ತೇನೆ ಎಂದು ಕಾಯಬೇಡ, ಚಿಕ್ಕದೊಂದು ಕೆಲಸವನ್ನು ಹೊತ್ತು ಗೊತ್ತುಮಾಡಿ ಮೊದಲು ಮಾಡು, ಮನಸ್ಸು ಹಿಂದಿನಿಂದ ಬರುತ್ತದೆ. ಇದು ಸಮಾಧಾನದ ಮಾತಲ್ಲ, ಖಿನ್ನತೆಗೆ ಇರುವ ಪರೀಕ್ಷಿತ ಚಿಕಿತ್ಸೆಗಳಲ್ಲಿ ಒಂದು ಎಂಬುದು ನನಗೆ ಆಮೇಲೆ ತಿಳಿಯಿತು. ಎರಡು ಸಲ ಮಾತ್ರೆ ಬಿಟ್ಟೆ, ಎರಡು ಸಲವೂ ಹಿಂದಕ್ಕೆ ಜಾರಿದೆ. ಒಟ್ಟು ಹದಿನಾಲ್ಕು ತಿಂಗಳಾಯಿತು.

ಇಲ್ಲಿರುವ ತಂದೆತಾಯಿಗಳಿಗೆ ಒಂದು ಕೋರಿಕೆ. ಮಗ ಅಥವಾ ಮಗಳು ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟವಿದ್ದದ್ದು ಯಾವುದೂ ಬೇಡವಾಗಿದ್ದರೆ, ಅದನ್ನು ಸೋಮಾರಿತನ ಎನ್ನಬೇಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಅವಳು ಪಾತ್ರೆ ತೊಳೆಯುತ್ತಾಳೆ, ಬೀಡಿ ಕಟ್ಟುತ್ತಾಳೆ, ಆದ್ದರಿಂದ ಅವಳಿಗೇನೂ ಆಗಿಲ್ಲ ಎಂದು ತಿಳಿಯುತ್ತೇವೆ. "ಬೇರೆಯವರ ಮಕ್ಕಳನ್ನು ನೋಡು" ಎಂಬ ಮಾತನ್ನು ದಯವಿಟ್ಟು ಬಿಡಿ. ಅವನು ರಾತ್ರಿಯೆಲ್ಲ ಅವರನ್ನೇ ನೋಡುತ್ತಿರುತ್ತಾನೆ, ಈಗಂತೂ ಫೋನಿನಲ್ಲಿ. "ತಲೆಯನ್ನು ರೀಸ್ಟಾರ್ಟ್ ಮಾಡ್ಕೋ" ಎಂದು ನನಗೆ ಬುದ್ಧಿ ಹೇಳಿದವರೂ ಇದ್ದರು. ರೀಸ್ಟಾರ್ಟ್ ಮಾಡುವುದು ಎಷ್ಟು ಕಡಿಮೆ ತೊಂದರೆಗಳಿಗೆ ಮದ್ದು ಎಂಬುದು ರಿಪೇರಿ ಮಾಡುವವನಿಗೆ ಚೆನ್ನಾಗಿ ಗೊತ್ತು.

ಸಹಾಯಕ್ಕೆ ಎಲ್ಲಿಗೆ ಹೋಗಬೇಕು ಎಂದು ನೀವು ಕೇಳಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಗುಬ್ಬಿ, ಕುಣಿಗಲ್ ಕಡೆಯಿಂದ ಬಂದವರಿದ್ದೀರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ನಮ್ಮ ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಆರಂಭಿಸಿತು, ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಎಂದು ವಿಚಾರಿಸಿ. ಹೋಗಲು ಸಂಕೋಚವಾದರೆ 14416 ಎಂಬ ಸಂಖ್ಯೆಗೆ ಫೋನ್ ಮಾಡಿ. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ನನ್ನ ಕಾಲದಲ್ಲಿ ರಾತ್ರಿ ಎರಡು ಗಂಟೆಗೆ ಎದ್ದಿರುತ್ತಿದ್ದುದು ನಾನು ಮತ್ತು ಬೀದಿನಾಯಿಗಳು ಮಾತ್ರ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮೇಷ್ಟ್ರ ಕೃಪೆಯಿಂದ ಅವರ ಗೆಳೆಯರ ಡಬ್ಬಿಗಳು ಬಂದವು. ಮದುವೆ ಕಾರ್ಡು, ಸ್ತ್ರೀಶಕ್ತಿ ಸಂಘದ ಅರ್ಜಿ ಟೈಪ್ ಮಾಡಿದೆ. 2011ರಲ್ಲಿ ಒಂದು ಶಾಲೆಯ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವ ಕೆಲಸ ಸಿಕ್ಕಿತು, ಬೆಂಗಳೂರಿನ ಸಂಬಳದ ಅರ್ಧ. ನಾಲ್ಕು ವರ್ಷದ ನಂತರ ಅಂಗಡಿ. ತಂಗಿಯ ಮದುವೆ ಆಯಿತು, ಅವಳ ಮಗಳು ಈಗ ಇದೇ ಸಭೆಯಲ್ಲಿ ಎಲ್ಲೋ ಕುಳಿತು ಮಾಮೂ ಯಾವಾಗ ಮುಗಿಸುತ್ತಾರೆ ಎಂದು ನೋಡುತ್ತಿದ್ದಾಳೆ. ಅಮ್ಮಿ ಬೀಡಿ ಬಿಟ್ಟಿದ್ದಾಳೆ, ಕೆಮ್ಮು ಪೂರ್ತಿ ಬಿಟ್ಟಿಲ್ಲ.

ಕಾರ್ಯದರ್ಶಿಗಳು ಕೈಗಡಿಯಾರ ತೋರಿಸುತ್ತಿದ್ದಾರೆ. ಸಭೆ ಮುಗಿದ ಮೇಲೆ ಹಿಂದಿನ ಕೊಠಡಿಗೆ ಬನ್ನಿ. ಗುಜರಿಯಿಂದ ತಂದ ಮೂರು ಹಳೇ ಕಂಪ್ಯೂಟರ್ ಇಟ್ಟಿದ್ದೇವೆ, ಇನ್ನು ಪ್ರತಿ ಭಾನುವಾರ ಹತ್ತು ಗಂಟೆಗೆ ಅವನ್ನು ಬಿಚ್ಚುವ ಏರ್ಪಾಡು. ಕೆಲಸ ಹುಡುಕುತ್ತಿರುವವರು ಬಂದರೆ ಸಂತೋಷ, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ದಪ್ಪ ಹಿಂಬದಿಯ ಹಳೇ ಮಾನಿಟರನ್ನು ಮಾತ್ರ ಯಾರೂ ಬಿಚ್ಚಕೂಡದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ಮೂರರಲ್ಲಿ ಒಂದು ಯಂತ್ರ ಇವತ್ತು ಬೆಳಿಗ್ಗೆ ಹಚ್ಚಿದಾಗಲೂ 1 ಜನವರಿ 2000 ಎಂದೇ ತೋರಿಸಿತು. ಹೊಸ ಬಟನ್ ಸೆಲ್ ನನ್ನ ಜೇಬಿನಲ್ಲಿದೆ. ಎರಡು ಸ್ಕ್ರೂಡ್ರೈವರ್ ಕಡಿಮೆ ಬಿದ್ದಿವೆ, ಯಾರ ಮನೆ ಹತ್ತಿರವಿದೆಯೋ ಅವರು ತರಬೇಕು.